ನಮ್ಮ ಟ್ರ್ಯಾಕ್ಟರ್ ಏರಿ ಹೊರಟ ಗಣಪತಿ

ಹಳೆಯ ಟ್ರ್ಯಾಕ್ಟರ್ ರಿಪೇರಿ ಮಾಡುವುದು ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಚ್ಚುವುದು ಸುಲಭ. ಜೋಡಿಸುವುದೂ ಸುಲಭ. ಜೋಡಿಸಿದ ಮೇಲೆ ಉಳಿದುಹೋದ ನಟ್ಟುಗಳನ್ನು ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವುದೊಂದೇ ಸ್ವಲ್ಪ ಕಷ್ಟ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ವಿಜಯನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಹೊಲ ಉಳುವ ದೊಡ್ಡ ಟ್ರ್ಯಾಕ್ಟರ್ ಅಲ್ಲ. ಹಿಂದಿನ ಕಾಲದಲ್ಲಿ ಬಂಗಲೆಗಳ ತೋಟದಲ್ಲಿ ಹುಲ್ಲು ಕತ್ತರಿಸಲು, ಗೊಬ್ಬರ ಎಳೆಯಲು ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥ ಪುಟ್ಟ ಗಾಡಿ. ಕೆಂಗೇರಿ ಕಡೆಯ ನರ್ಸರಿಯೊಂದರಲ್ಲಿ ಮೈಮೇಲೆ ಕುಂಬಳದ ಬಳ್ಳಿ ಹಬ್ಬಿಸಿಕೊಂಡು ಮಲಗಿತ್ತು. ಬಳ್ಳಿ ಸರಿಸಿ ನೋಡಿದೆ. ಅದೂ ನನ್ನನ್ನು ನೋಡಿತು. ಅಲ್ಲಿಗೆ ಮುಗಿಯಿತು!

ಅದು ಮನೆಗೆ ಬಂದ ದಿನ ನನ್ನ ಹೆಂಡತಿ ಶಶಿಕಲಾ ಕೇಳಿದ್ದು ಒಂದೇ ಪ್ರಶ್ನೆ. "ಇದನ್ನ ಇಟ್ಕೊಂಡು ಎಲ್ಲಿ ಉಳ್ತೀರಿ? ನನ್ನ ತುಳಸಿ ಕಟ್ಟೇಲಾ?"

ಅಂದಿನಿಂದ ಅದರ ತುಕ್ಕು ಉಜ್ಜಿದೆ, ಬಣ್ಣ ಬಳಿದೆ, ಎಂಜಿನ್ ಬಿಚ್ಚಿ ಕಟ್ಟಿದೆ. ಕೊನೆಗೆ ಒಂದು ದಿನ ಅದು ಕೆಮ್ಮಿ, ಕ್ಯಾಕರಿಸಿ, ಡುಗು ಡುಗು ಎಂದು ಉಸಿರಾಡಿದಾಗ ನನಗೆ ಅಳುವೇ ಬಂತು. ಶಶಿಗೂ ಕಣ್ಣಲ್ಲಿ ನೀರು ಬಂತು. ಅದು ಹೊಗೆಗೆ.

ಈಗ ಗಣಪತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಗಣೇಶೋತ್ಸವವನ್ನು ಬಹಳ ವರ್ಷಗಳಿಂದ ಎದುರುಮನೆಯ ನಂಜುಂಡಪ್ಪನವರೇ ನಡೆಸಿಕೊಂಡು ಬಂದಿದ್ದರು. ಈ ಸಲ ಬೀದಿಯ ಹೆಂಗಸರೆಲ್ಲ ಸೇರಿ "ನಾವು ಮಾಡ್ತೀವಿ" ಎಂದು ಎದ್ದು ನಿಂತರು. ಶಶಿಯನ್ನು ಅಧ್ಯಕ್ಷೆ ಮಾಡಿದರು. ನಂಜುಂಡಪ್ಪನವರು ತಕರಾರು ಮಾಡಲಿಲ್ಲ. ಗೇಟಿನ ಮೇಲೆ ಕೈಯಿಟ್ಟುಕೊಂಡು ಶಾಂತವಾಗಿ ಹೇಳಿದರು.

"ಮಾಡಿ ತಾಯಿ, ಸಂತೋಷ. ಕೂರಿಸೋದು ಯಾರು ಬೇಕಾದ್ರೂ ಕೂರಿಸ್ತಾರೆ. ಮೆರವಣಿಗೆ ಮಾಡಿ ನೀರಿಗೆ ಬಿಡೋದಿದೆಯಲ್ಲ, ಅದಕ್ಕೆ ಗಂಡಸರು ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬಂದು ಕರೀರಿ."

ಆ ಮಾತು ಶಶಿಯ ಎದೆಗೆ ನಾಟಿತು. ಆ ರಾತ್ರಿ ಅವಳು ಚಪಾತಿಯನ್ನು ಲಟ್ಟಿಸಲಿಲ್ಲ, ಹೊಡೆದಳು. ನಾನು ತಟ್ಟೆಯ ಮುಂದೆ ಕೂತು ಗಂಭೀರವಾಗಿ ಘೋಷಿಸಿದೆ. "ಮೆರವಣಿಗೆ ಚಿಂತೆ ಬಿಡು ಕಣೇ. ಗಣಪತಿ ನಮ್ಮ ಟ್ರ್ಯಾಕ್ಟರ್‌ನಲ್ಲಿ ಹೋಗ್ತಾನೆ. ಹೂವಿನ ಹಾಗೆ ಕರ್ಕೊಂಡು ಹೋಗ್ತೀನಿ."

"ನಡು ದಾರೀಲಿ ನಿಂತ್ರೆ?"

"ನನ್ನ ಕೈಯಾರೆ ಕಟ್ಟಿರೋ ಗಾಡಿ ಶಶಿ."

"ಅದಕ್ಕೇ ಕೇಳಿದ್ದು" ಎಂದಳು. ಆದರೂ ಒಪ್ಪಿದಳು. ಪಾಪ, ನಂಬಿದಳು ಎಂದೇ ಹೇಳಬೇಕು.

ದೇವರ ಕೆಲಸವಲ್ಲವೇ, ಗಾಡಿ ಇನ್ನಷ್ಟು ಚೆನ್ನಾಗಿರಲಿ ಎಂದು ಹಬ್ಬಕ್ಕೆ ಮುಂಚೆ ಹಿಂದಿನ ಚಕ್ರಗಳ ನಡುವಿನ ಡಬ್ಬಿಯನ್ನು ಬಿಚ್ಚಿದೆ. ಏನೂ ಕೆಟ್ಟಿರಲಿಲ್ಲ. ಸುಮ್ಮನೆ ಬಿಚ್ಚಿದೆ. ಅದರೊಳಗೆ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರ ಒಂದಿರುತ್ತದೆ. ಅದನ್ನು ತೊಳೆದು, ಒರೆಸಿ, ಪೇಪರಿನ ಮೇಲೆ ಇಟ್ಟೆ. ಅಷ್ಟರಲ್ಲಿ ಶಶಿ ಊಟಕ್ಕೆ ಕರೆದಳು. ಬಿಸಿಬೇಳೆಬಾತು. ಉಂಡು, ಒಂದು ನಿದ್ದೆ ತೆಗೆದು ಬಂದು ಚಕ್ರವನ್ನು ಮತ್ತೆ ಕೂರಿಸಿದೆ. ಸಲೀಸಾಗಿ ಕೂತಿತು. ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಗೇರ್ ಹಾಕಿದೆ. ಚಕ್ರಗಳು ಗಿರಗಿರನೆ ತಿರುಗಿದವು. ಚಕ್ರ ತಿರುಗುತ್ತದೆಯೇ ಎಂದು ನೋಡುವುದು ಮೆಕ್ಯಾನಿಕ್ಕಿನ ಧರ್ಮ. ಯಾವ ಕಡೆಗೆ ತಿರುಗುತ್ತದೆ ಎಂದು ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ.

ಬಿಡುವ ದಿನ ಬಂತು. ಮೇನ್ ರೋಡಿನಾಚೆಯ ಮೈದಾನದ ಬಳಿ ಗಣಪತಿ ಬಿಡಲು ಪಾಲಿಕೆಯವರ ನೀರಿನ ತೊಟ್ಟಿ ಹೊತ್ತ ಟ್ಯಾಂಕರ್ ಬಂದು ನಿಂತಿತ್ತು. ದೀಪ ಹಚ್ಚುವ ಹೊತ್ತಿಗೆ ಹೊರಟುಬಿಡುತ್ತದೆ ಎಂದು ಮೊದಲೇ ಹೇಳಿದ್ದರು. ನಾವು ಟ್ರ್ಯಾಕ್ಟರನ್ನು ಗೇಟಿನಿಂದ ಕೈಯಲ್ಲೇ ನೂಕಿ ಬೀದಿಗೆ ತಂದು, ಪೆಂಡಾಲಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ಚೆಂಡುಹೂವಿನ ಹಾರ, ಬಾಳೆಕಂದು, ಅರಿಶಿನ ಕುಂಕುಮ. ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಹಿಂದೆ ನರ್ಸರಿಯಿಂದ ತಂದ ಟ್ರಾಲಿ ಸಿಕ್ಕಿಸಿದೆವು. ಹೆಂಗಸರೆಲ್ಲ ಒಂದೇ ಬಣ್ಣದ ಹಸಿರು ಸೀರೆ ಉಟ್ಟಿದ್ದರು. ಪೂಜೆ ಮಾಡಿ, ಗಣಪತಿಯನ್ನು ಪೀಠದಿಂದ ಕದಲಿಸಿ, ಟ್ರಾಲಿಯಲ್ಲಿ ಕೂರಿಸಿದರು. ಒಮ್ಮೆ ಕದಲಿಸಿದ ಗಣಪತಿಯನ್ನು ಮತ್ತೆ ಪೀಠಕ್ಕೆ ತರುವ ಹಾಗಿಲ್ಲ. ವಿಗ್ರಹ ಅಲುಗಾಡದಂತೆ ಹಿಡಿದುಕೊಳ್ಳಲು ಪಕ್ಕದ ಮನೆಯ ಪದ್ಮಮ್ಮನವರು ಟ್ರಾಲಿ ಹತ್ತಿ ಕೂತರು.

ತಮಟೆ ಶುರುವಾಯಿತು. ಶಶಿ ಆರತಿ ತಟ್ಟೆ ಹಿಡಿದು ಮುಂದೆ ನಿಂತಳು. ನಂಜುಂಡಪ್ಪನವರು ಕೈಕಟ್ಟಿಕೊಂಡು ಗೇಟಿನಲ್ಲಿ ನಿಂತರು. ನಾನು ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಎದ್ದಿತು! ಸೀಟಿನಲ್ಲಿ ಕೂತು, ಎದೆ ಸೆಟೆಸಿ, ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟೆ.

ಗಣಪತಿ ಹಿಂದಕ್ಕೆ ಹೋದ.

ಹೋಗಿ ನೇರವಾಗಿ ಪೆಂಡಾಲಿನೊಳಗೆ ನುಗ್ಗಿದ. ಬ್ರೇಕ್ ಒತ್ತುವಷ್ಟರಲ್ಲಿ ಬಿದಿರು ಕಂಬಕ್ಕೆ ಟ್ರಾಲಿ ತಾಗಿ, ಬಣ್ಣದ ಬಟ್ಟೆ ಪದ್ಮಮ್ಮನವರ ತಲೆಯ ಮೇಲೆ ಇಳಿಯಿತು. ತಮಟೆ ನಿಂತುಹೋಯಿತು. ಬಟ್ಟೆಯ ಒಳಗಿನಿಂದ ಪದ್ಮಮ್ಮನವರ ಧ್ವನಿ ಬಂತು. "ಗಣಪತಿಗೇನೂ ಆಗಿಲ್ಲ. ನಾನು ಹಿಡ್ಕೊಂಡಿದೀನಿ."

"ಏನಾಯ್ತು ರೀ?" ಶಶಿ ಓಡಿ ಬಂದಳು.

"ಗೇರ್ ತಪ್ಪಾಗಿ ಬಿತ್ತು ಅನ್ಸುತ್ತೆ" ಎಂದೆ. ಲಿವರನ್ನು ನೋಡಿದೆ. ಒಂದನೇ ಗೇರಿನಲ್ಲೇ ಇತ್ತು. ಇರಲಿ ಎಂದು ಎರಡನೆಯದು ಹಾಕಿದೆ. ಈ ಸಲ ಗಣಪತಿ ಇನ್ನೂ ಜೋರಾಗಿ ಹಿಂದಕ್ಕೆ ಹೋದ. ಟ್ರಾಲಿಯ ಹಿಂಭಾಗ ಪೀಠಕ್ಕೆ ಹೋಗಿ ತಾಗಿತು. ಇನ್ನು ಅವನು ಇಳಿದು ಕೂರುವುದೊಂದು ಬಾಕಿ.

ಆಗ ನನಗೆ ಬಿಸಿಬೇಳೆಬಾತು ನೆನಪಾಯಿತು. ಆ ಹಲ್ಲುಚಕ್ರ ಎಡಕ್ಕೂ ಕೂರುತ್ತದೆ, ಬಲಕ್ಕೂ ಕೂರುತ್ತದೆ. ಒಂದು ಕಡೆ ಕೂರಿಸಿದರೆ ಗಾಡಿ ಮುಂದೆ ಹೋಗುತ್ತದೆ. ಇನ್ನೊಂದು ಕಡೆ ಕೂರಿಸಿದರೆ ಮುಂದಿನ ಗೇರುಗಳೆಲ್ಲ ಹಿಂದಕ್ಕೆ ಎಳೆಯುತ್ತವೆ. ನಾನು ಊಟ ಮಾಡಿ ಬಂದು ಇನ್ನೊಂದು ಕಡೆ ಕೂರಿಸಿದ್ದೆ! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆಯನ್ನು ಅಕ್ಷರಶಃ ನಿಜ ಮಾಡಲು ನಮ್ಮ ಬೀದಿಗೆ ನಾನೇ ಬೇಕಾಯಿತು.

ಬಾಯಿ ತೆರೆದು ಹೇಳೋಣ ಎನ್ನುವಷ್ಟರಲ್ಲಿ ಪದ್ಮಮ್ಮನವರು ಬಟ್ಟೆ ಸರಿಸಿ ತಲೆ ಹೊರಗೆ ಹಾಕಿ, "ಶಶೀ, ದೇವರಿಗೆ ಹೋಗೋಕೆ ಇಷ್ಟ ಇಲ್ಲ ಕಣಮ್ಮ. ನೈವೇದ್ಯದಲ್ಲಿ ಏನೋ ಕಮ್ಮಿ ಆಗಿದೆ" ಎಂದರು.

ಎಂಥ ಸದವಕಾಶ! ನಾನು ಬಾಯಿ ಮುಚ್ಚಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಒಂದು ಕೈ ಮೇಲು, ದೇವರನ್ನೇ ಡೊಂಕು ಮಾಡಿ ಕೂತೆ. ಹೆಂಗಸರು ಇನ್ನೊಂದು ತೆಂಗಿನಕಾಯಿ ಒಡೆದರು. ಯಾರೋ ಮನೆಗೆ ಓಡಿ ಕಡುಬು ತಂದರು. ಮತ್ತೆ ಮಂಗಳಾರತಿ ಆಯಿತು. ಬಿಸಿಲು ಆಗಲೇ ಮಹಡಿಗಳ ಮೇಲಕ್ಕೆ ಏರಿತ್ತು, ಟ್ಯಾಂಕರ್ ಯಾರಿಗೂ ಕಾಯುವುದಿಲ್ಲ.

ಆಗ ನಂಜುಂಡಪ್ಪನವರು ನಿಧಾನವಾಗಿ ನಡೆದು ಬಂದರು. ಗಣಪತಿಗೆ ಕೈಮುಗಿದರು. ಬಳಿಕ ಯಾರಿಗೂ ಅಲ್ಲದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇಷ್ಟು ವರ್ಷದಲ್ಲಿ ಹೀಗೆ ವಾಪಸ್ ಬಂದಿದ್ದಿಲ್ಲಪ್ಪ. ಯಾರು ಮಾಡಿದ್ದು ಅವನ ಮನಸ್ಸಿಗೆ ಬಂದಿಲ್ವೋ ಏನೋ."

ಗುಂಪಿನಲ್ಲಿ ಪಿಸುಮಾತು ಎದ್ದಿತು. ಹಸಿರು ಸೀರೆಯವರಲ್ಲೇ ಒಬ್ಬರು, "ಶಶಿಯಕ್ಕ, ನಮಗ್ಯಾಕೆ ಬೇಕಿತ್ತು ಇದೆಲ್ಲ? ಅವರನ್ನೇ ಕರೆದುಬಿಡೋಣ" ಎಂದರು. ಶಶಿ ಆರತಿ ತಟ್ಟೆಯಲ್ಲಿ ಆರಿದ ಬತ್ತಿಯನ್ನು ಸರಿಮಾಡುತ್ತ ನಿಂತಳು. ಎಷ್ಟು ದಿನ ಮನೆ ಮನೆ ಸುತ್ತಿದ್ದಳು, ಎಷ್ಟು ಬೆಳಗ್ಗೆ ಎದ್ದು ಪೆಂಡಾಲು ಗುಡಿಸಿದ್ದಳು ಎಂಬುದೆಲ್ಲ ನನಗೆ ಗೊತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು. ಸೀಟಿನ ಮೇಲೆ ಎದ್ದು ನಿಂತೆ.

"ದೇವರದ್ದೇನೂ ಇಲ್ಲ. ಹೆಂಗಸರದ್ದೂ ಏನಿಲ್ಲ. ಚಕ್ರ ನಾನು ಉಲ್ಟಾ ಕೂರಿಸಿದೀನಿ. ತಪ್ಪು ನನ್ನದು."

ಜನ ಒಪ್ಪುತ್ತಾರೋ ಇಲ್ಲವೋ ಎಂಬ ಭಯವಿತ್ತು. ಕ್ಷಣದಲ್ಲಿ ಒಪ್ಪಿದರು! "ಹಂಗೇನಾ", "ನಾನು ಆಗಲೇ ಅಂದ್ಕೊಂಡೆ", "ಮೇಷ್ಟ್ರಲ್ವಾ ಕಟ್ಟಿದ್ದು" ಎಂದು ಎಲ್ಲ ಕಡೆಯಿಂದ ಸಮಾಧಾನದ ಉಸಿರು ಕೇಳಿಬಂತು. ದೇವರ ಕೋಪವನ್ನು ನಂಬಲು ಅವರಿಗೆ ಎರಡು ಗೇರು ಬೇಕಾಗಿತ್ತು. ನನ್ನ ದಡ್ಡತನಕ್ಕೆ ಯಾವ ಪುರಾವೆಯೂ ಬೇಕಾಗಲಿಲ್ಲ.

ಶಶಿ ತಟ್ಟೆ ಕೆಳಗಿಟ್ಟಳು. "ಮುಂದಕ್ಕೆ ಹೋಗೋದು ಯಾವುದೂ ಇಲ್ವಾ?"

"ರಿವರ್ಸ್ ಹಾಕಿದ್ರೆ ಹೋಗುತ್ತೆ. ಆದ್ರೆ ಅದು ತುಂಬಾ ನಿಧಾನ."

"ಹಾಕಿ" ಎಂದಳು.

ಹಾಕಿದೆ. ಗಣಪತಿ ಹೊರಟ. ಆ ನಡಿಗೆಯನ್ನು ಏನೆಂದು ವರ್ಣಿಸಲಿ? ಬಾಣಂತಿ ಹಿತ್ತಿಲಿಗೆ ಹೋಗಿಬರುವ ಗತಿ. ತಮಟೆಯವರು ಕುಣಿದು ಕುಣಿದು ಮುಂದೆ ಹೋಗಿ, ವಾಪಸ್ ಬಂದು, ಮತ್ತೆ ಕುಣಿದರು. ಎಂಜಿನ್ ಮಾತ್ರ ಪ್ರಾಣ ಹೋಗುವ ಹಾಗೆ ಅರಚುತ್ತಿತ್ತು. ನಾನು ಒಂದು ಕಣ್ಣನ್ನು ಆಕಾಶದ ಮೇಲೆ, ಇನ್ನೊಂದನ್ನು ಎಂಜಿನ್ನಿನಿಂದ ಏಳುತ್ತಿದ್ದ ಬಿಸಿಯ ಮೇಲೆ ಇಟ್ಟಿದ್ದೆ. ನಂಜುಂಡಪ್ಪನವರು ಫುಟ್‌ಪಾತಿನಲ್ಲಿ ನಮ್ಮ ಜೊತೆಗೇ ಬರುತ್ತಿದ್ದರು. ಆಗಾಗ ನಿಂತು ನಮಗಾಗಿ ಕಾಯುತ್ತಿದ್ದರು. ಊಟದ ಡಬ್ಬಿ ತಲುಪಿಸುವ ಹುಡುಗನೊಬ್ಬ ಬೈಕನ್ನು ಪಕ್ಕಕ್ಕೆ ತಂದು, "ಅಂಕಲ್, ಕಾಲು ಕೊಟ್ಟು ನೂಕ್ಲೇನ್ರಿ?" ಎಂದು ಹುಬ್ಬಳ್ಳಿ ಕಡೆಯ ಮರ್ಯಾದೆಯಿಂದ ಕೇಳಿದ. ಬೇಡ ಎಂದೆ. ಬಿಗುಮಾನ!

ಮೇನ್ ರೋಡಿಗೆ ತಿರುಗಿದೆವು. ಹಿಂದೆ ಸಿಟಿ ಬಸ್ಸು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಹಾರ್ನ್‌ಗಳ ಮುಂದೆ ತಮಟೆ ಸೋತಿತು. ಮೈದಾನದ ತಿರುವು ಕಣ್ಣಿಗೆ ಕಾಣುತ್ತಿತ್ತು. ಸರಿಯಾಗಿ ಅಲ್ಲಿ ನನ್ನ ಕೈಯಾರೆ ಕಟ್ಟಿದ ಗಾಡಿ ಒಮ್ಮೆ ಬಿಕ್ಕಿ, ಬಿಳಿ ಹೊಗೆ ಬಿಟ್ಟು, ನಿಂತಿತು.

ಹ್ಯಾಂಡಲ್ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯೊಂದರಲ್ಲಿ ದೀಪ ಹತ್ತಿತು. ಶಶಿ ನನ್ನನ್ನು ನೋಡಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ರೀ, ಟ್ರಾಲಿ ಬಿಚ್ಚಿ."

ಬಿಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ತಕ್ಷಣ ಬಿಚ್ಚಿದೆ. ಹೆಂಗಸರು ಬಾಳೆಕಂದು ಕಟ್ಟಿದ್ದ ಹಗ್ಗ ಬಿಡಿಸಿ ಟ್ರಾಲಿಗೆ ಬಿಗಿದರು. ಹಗ್ಗದ ತುದಿಗೆ ಶಶಿ ಕೈಹಾಕಿದಾಗ ಅವಳ ಮುಂದೆ ಇನ್ನೊಂದು ಕೈ ಬಂತು. ನಂಜುಂಡಪ್ಪನವರು ಪಂಚೆ ಎತ್ತಿ ಕಟ್ಟಿದ್ದರು.

"ಹೊತ್ತಾಯ್ತು ತಾಯಿ. ಎಳೀರಿ, ನಾನಿದೀನಿ" ಎಂದರು. ಅಷ್ಟೇ.

ಗಣಪತಿ ಓಡಿದ! ಹಸಿರು ಸೀರೆಗಳು, ಒಂದು ಬಿಳಿ ಪಂಚೆ, ಗಟ್ಟಿಯಾಗಿ ವಿಗ್ರಹ ತಬ್ಬಿಕೊಂಡ ಪದ್ಮಮ್ಮ, ಎಲ್ಲ ತಿರುವಿನಲ್ಲಿ ಮರೆಯಾದವು. ನಾನೂ ಹಿಂದೆ ಓಡಲು ಕಾಲು ಎತ್ತಿದೆ. ಟ್ರಾಫಿಕ್ ಪೊಲೀಸಿನವರು ಅಡ್ಡ ಬಂದರು.

"ಗಾಡಿ ರೋಡಲ್ಲಿ ಬಿಟ್ಟು ಎಲ್ಲಿಗೆ ಸಾರ್? ಇಲ್ಲೇ ನಿಂತ್ಕೊಳ್ಳಿ."

ಅವರೂ ನಾನೂ ಸೇರಿ ಗಾಡಿಯನ್ನು ಪಕ್ಕಕ್ಕೆ ನೂಕಿದೆವು. ಮತ್ತೆ ಹತ್ತಿ ಸೀಟಿನಲ್ಲಿ ಕೂತೆ. ತಿರುವಿನಾಚೆ ಏನಾಗುತ್ತಿದೆ ಎಂದು ಕಾಣದು, ಕೇಳದು. ಟ್ಯಾಂಕರ್ ಇದೆಯೋ, ಹೋಯಿತೋ? ಹೋಗಿದ್ದರೆ ಕದಲಿಸಿದ ಗಣಪತಿಯನ್ನು ಎಲ್ಲಿಡುವುದು? ಶಶಿ ನಾಳೆಯಿಂದ ಆ ಗೇಟಿನ ಮುಂದೆ ಹೇಗೆ ಓಡಾಡುವುದು? ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು.

ರಸ್ತೆ ಬದಿಯ ಮನೆಯೊಂದರಿಂದ ಅಜ್ಜಿಯೊಬ್ಬರು ಆರತಿ ತಟ್ಟೆ ಹಿಡಿದು ಬಂದರು. ಹಾರ ಹಾಕಿದ ಟ್ರ್ಯಾಕ್ಟರಿನ ಸುತ್ತ ಒಂದು ಸಲ ಬಂದು, "ಗಣಪತಿ ಎಲ್ಲಪ್ಪಾ?" ಎಂದರು.

"ಮುಂದೆ ಹೋದ ಅಜ್ಜಿ. ಕೈಯಲ್ಲೇ ಎಳ್ಕೊಂಡು ಹೋದ್ರು."

"ನಿನ್ನ ಇಲ್ಲೇ ಬಿಟ್ಟು?"

"ಹೂಂ."

"ಒಳ್ಳೇದಾಯ್ತು ಬಿಡು. ಅವನಿಗೂ ಹೊತ್ತಾಗಿತ್ತು." ಹಚ್ಚಿದ ಕರ್ಪೂರ ದಂಡ ಮಾಡಬಾರದೆಂದು ಟ್ರ್ಯಾಕ್ಟರಿಗೇ ಬೆಳಗಿದರು. ಬೆಳಗುವಾಗ ನನ್ನನ್ನು ಕೆಳಗಿಳಿಸಿದರು.

ಕತ್ತಲು ಇಳಿಯುತ್ತಿದ್ದಂತೆ ತಿರುವಿನಲ್ಲಿ ಹಸಿರು ಸೀರೆಗಳು ಕಂಡವು. ಶಶಿ ಮುಂದಿದ್ದಳು. ಸೀರೆಯ ಅಂಚು ಒದ್ದೆಯಾಗಿತ್ತು. ಓಡಿಹೋಗಿ, "ಸಿಕ್ತಾ?" ಎಂದೆ.

"ಸಿಕ್ತು. ಹೊರಡೋಕೆ ಸ್ಟಾರ್ಟ್ ಮಾಡಿದ್ರು. ನಂಜುಂಡಪ್ಪನವರು ಅಡ್ಡ ನಿಂತ್ಕೊಂಡ್ರು. ಇವತ್ತಿನ ಕೊನೇ ಗಣಪತಿ ನಮ್ಮದೇ." ಅವಳ ಮುಖ ಅಷ್ಟು ಹೊಳೆದದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. "ಎಲ್ಲರ ಮುಂದೆ ಹೇಳಿದ್ರು ರೀ, ಮುಂದಿನ ವರ್ಷಾನೂ ಹೆಂಗಸರೇ ಮಾಡ್ಲಿ ಅಂತ. ಒಂದೇ ಒಂದು ಷರತ್ತು ಹಾಕಿದಾರೆ."

ನಾನು ಟ್ರ್ಯಾಕ್ಟರಿನ ಬೆಚ್ಚಗಿನ ಬಾನೆಟ್ಟಿನ ಮೇಲೆ ಕೈಯಿಟ್ಟೆ. ನನಗೆ ಅರ್ಥವಾಗಿತ್ತು. "ಗೊತ್ತಾಯ್ತು ಬಿಡು. ಟ್ರ್ಯಾಕ್ಟರ್ ತರಬೇಡಿ ಅಂದ್ರು."

"ಟ್ರ್ಯಾಕ್ಟರ್ ಇರ್ಲಿ ಅಂದ್ರು. ನೋಡೋಕೆ ಲಕ್ಷಣವಾಗಿದೆಯಂತೆ" ಎಂದಳು ಶಶಿ. "ಮೇಷ್ಟ್ರನ್ನ ಮಾತ್ರ ಮನೇಲಿ ಬಿಟ್ಟು ಬನ್ನಿ ಅಂದ್ರು."