ಮನೆತನದ ವಿಕಿಗೆ ಕೊಂಡಿ ಹಾಕಿದ್ದು

ನಮ್ಮ ಮನೆತನಕ್ಕೊಂದು ವಿಕಿ ಮಾಡಿದ ದಿನದಿಂದ ನನ್ನ ಫೋನಿಗೆ ವಿಶ್ರಾಂತಿಯೇ ಇಲ್ಲ. ವಿಕಿ ಅಂದರೆ ಮತ್ತೇನಲ್ಲ, ಬಂಧುಗಳೆಲ್ಲ ಸೇರಿ ಬರೆಯುವ ಜಾಲತಾಣ. ಒಬ್ಬೊಬ್ಬರಿಗೂ ಒಂದೊಂದು ಪುಟ, ನೆನಪಲ್ಲುಳಿದ ದನಕರು, ಸಾಮಾನುಗಳಿಗೂ ಸಹ. ಆಲ್ಕೊಳದ ನಮ್ಮ ಮನೆಯಲ್ಲಿ ಕೂತು ಪುಟದಿಂದ ಪುಟಕ್ಕೆ ಕೈಯಾರೆ ಲಿಂಕ್ ಹಾಕಿ ಸಾಕಾಗಿ ಒಂದು ಪ್ರೋಗ್ರಾಂ ಬರೆದೆ. ಯಾರದೇ ಬರಹದಲ್ಲಿ ಇನ್ನೊಂದು ಪುಟದ ಹೆಸರು ಕಂಡರೆ ಅದು ತಾನೇ ಲಿಂಕ್ ಹಾಕುತ್ತದೆ. ಒತ್ತಿದರೆ ಆ ಪುಟ ತೆರೆಯುತ್ತದೆ. ಭಾರಿ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ.

ಒಮ್ಮುಖ ದಾರಿ

ಮೊದಲ ಫೋನು ಕುಂಸಿಯ ಚಿಕ್ಕಪ್ಪನದು. ಬೇಲಿ ಜಗಳದಲ್ಲಿ ಅವರು ಅಣ್ಣನ ಜೊತೆ, ಅಂದರೆ ನಮ್ಮ ದೊಡ್ಡಪ್ಪನ ಜೊತೆ, ಮಾತು ಬಿಟ್ಟು ವರ್ಷಗಳಾಗಿವೆ. ಬಾಲ್ಯದ ಬಗ್ಗೆ ಬರೆಯುವಾಗ ಅಣ್ಣನ ಹೆಸರು ಬಂದಿತ್ತು, ಲಿಂಕ್ ಬಿದ್ದಿತ್ತು. ಅವನ ಮನೆ ಮೆಟ್ಟಿಲನ್ನೇ ಹತ್ತದವನು ನಾನು, ನನ್ನ ಪುಟದಿಂದ ಅವನಲ್ಲಿಗೆ ದಾರಿ ಯಾಕೆ ಮಾಡಿದೆ ಎಂದು ರೇಗಿದರು. ಸರಿ, ದೊಡ್ಡಪ್ಪನ ಪುಟದಿಂದ ನಿಮ್ಮಲ್ಲಿಗಿರುವುದೂ ಸೇರಿ ಎರಡೂ ಕಡೆಯದನ್ನು ತೆಗೆದುಬಿಡುತ್ತೇನೆ ಅಂದೆ. ಚಿಕ್ಕಪ್ಪ ದನಿ ತಗ್ಗಿಸಿದರು.

"ಅವನ ಕಡೆಯಿಂದ ಇಲ್ಲಿಗಿರೋದು ಇರ್ಲಿ ಬಿಡು. ಬರೋದಿದ್ರೆ ಅವನೇ ಬರ್ಲಿ."

ಸ್ವಂತ ಸ್ಕೂಟರ್

ನವುಲೆಯ ಅಕ್ಕ, ಮಗನ ಜಾತಕದ ಜೊತೆ ಅವನ ವಿಕಿ ಪುಟವನ್ನೂ ಹೆಣ್ಣಿನ ಕಡೆಯವರಿಗೆ ಕಳಿಸಿದಳು. ಓದು, ಕೆಲಸ, ಸ್ವಂತ ಸ್ಕೂಟರ್, ಎಲ್ಲ ಅಚ್ಚುಕಟ್ಟು. ಆದರೆ ಆ ಸ್ಕೂಟರಿನ ಬಗ್ಗೆಯೇ ಅವನ ತಂಗಿ ಬರೆದ ಪುಟವೊಂದಿತ್ತು. ಅಣ್ಣ ಫೋನಿನಲ್ಲಿ ಮಾತಾಡುತ್ತಾ ಗಾಡಿ ಸಮೇತ ನಾಲೆಗೆ ಇಳಿದದ್ದು, ಎಮ್ಮೆ ತೊಳೆಯುತ್ತಿದ್ದವರು ಅವನನ್ನು ಎಳೆದು ದಡಕ್ಕೆ ಹಾಕಿದ್ದು, ಎಲ್ಲ ಅದರಲ್ಲಿತ್ತು. ಪ್ರೋಗ್ರಾಂ ತನ್ನ ಕರ್ತವ್ಯ ಮಾಡಿತ್ತು. ಹುಡುಗಿಯ ತಂದೆ ಫೋನ್ ಮಾಡಿದಾಗ ಸಂಬಳದ ಸುದ್ದಿಯನ್ನೇ ಎತ್ತಲಿಲ್ಲವಂತೆ. ಹುಡುಗನಿಗೆ ಈಗಲಾದರೂ ಈಜು ಬರುತ್ತದೆಯೇ ಎಂದಷ್ಟೇ ಕೇಳಿದರಂತೆ.

ಭದ್ರಾವತಿಯ ಮಾವ

ಭದ್ರಾವತಿಯ ಸೋದರತ್ತೆಯ ಬರಹ ಎಲ್ಲರದಕ್ಕಿಂತ ಉದ್ದ. ಅದರ ತುಂಬ ಲಿಂಕುಗಳು: ಪಕ್ಕದ ಮನೆಯ ತಮಿಳು ಅಮ್ಮನಿಗೆ, ರುಬ್ಬುವ ಕಲ್ಲಿಗೆ, ಎಂದೋ ಸತ್ತ ಹಸುವಿಗೆ. ಅತ್ತೆಯ ಗಂಡ, ಕಾರ್ಖಾನೆಯಿಂದ ನಿವೃತ್ತರಾದ ಮಾವ, ತಮ್ಮದನ್ನು ಹುಡುಕಿ ಹುಡುಕಿ ಸೋತು ನನ್ನನ್ನು ಮನೆಗೇ ಕರೆಸಿದರು.

"ನಲವತ್ತು ವರ್ಷ ಸಂಸಾರ ಮಾಡಿದೀನಿ ಮಾರಾಯ. ಹಸುಗೂ ಲಿಂಕ್ ಇದೆ, ನನಗಿಲ್ಲ."

ಅವರ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಪ್ರೋಗ್ರಾಂನದು ತಪ್ಪಿಲ್ಲ. ಅತ್ತೆ ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಆಡಿದವರಲ್ಲ. ಬರಹದಲ್ಲೂ ಮೊದಲಿಂದ ಕೊನೆವರೆಗೆ 'ನಮ್ಮ ಮನೆಯವರು'. ಒಂದೇ ಒಂದು ಸಲ ಹೆಸರು ಬರೆಯಿರಿ ಅಂದದ್ದಕ್ಕೆ ನಾಲಿಗೆ ಕಚ್ಚಿಕೊಂಡರು. ಕೊನೆಗೆ ನಾನೇ ಒಂದು ಉಪಾಯ ಮಾಡಿ, 'ನಮ್ಮ ಮನೆಯವರು' ಎಂದು ಕಂಡಲ್ಲೆಲ್ಲ ಮಾವನ ಪುಟಕ್ಕೆ ಲಿಂಕ್ ಹಾಕು ಎಂದು ಪ್ರೋಗ್ರಾಂಗೆ ಹೇಳಿಕೊಟ್ಟೆ.

ನಮ್ಮ ಮನೆತನದಲ್ಲಿ ಗಂಡನ ಹೆಸರು ಹೇಳುವ ಹೆಂಗಸರೇ ಇಲ್ಲ, ಎಲ್ಲರ ಪುಟದಲ್ಲೂ 'ನಮ್ಮ ಮನೆಯವರು' ಎಂದೇ ಇದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಮರುದಿನದ ಹೊತ್ತಿಗೆ ದೊಡ್ಡಮ್ಮ, ಚಿಕ್ಕಮ್ಮ, ಅಕ್ಕ, ಹೀಗೆ ಹನ್ನೊಂದು ಜನರಿಗೂ ಭದ್ರಾವತಿಯ ಮಾವನೇ ಗಂಡ. ಮದುವೆಯಾದ ಹೊಸದರಲ್ಲಿ ಅಕ್ಕನನ್ನು ಊಟಿಗೆ ಕರೆದುಕೊಂಡು ಹೋಗಿದ್ದವರೂ ಅವರೇ.

ಅತ್ತೆ ಕೆಂಡವಾದರು. ಲ್ಯಾಪ್‌ಟಾಪ್ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ತಮ್ಮ ಪುಟದ ಮೊದಲ ಸಾಲಿಗೇ ಮಾವನ ಪೂರ್ತಿ ಹೆಸರು ಕುಟ್ಟಿದರು, ಊರು ಮತ್ತು ತಂದೆಯ ಹೆಸರಿನ ಸಮೇತ. ಪಕ್ಕದಲ್ಲಿ 'ನನ್ನ ಗಂಡ' ಎಂದು ಸೇರಿಸಿದರು. ಉಳಿದ ಹೆಂಗಸರ ಪುಟದ ಲಿಂಕುಗಳನ್ನೆಲ್ಲ ಈ ಕ್ಷಣ ತೆಗೆಯಬೇಕು ಎಂದು ನನಗೆ ಆಜ್ಞೆಯಾಯಿತು.

ಮಾವ ಕನ್ನಡಕ ಒರೆಸಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಕಣ್ಣು ತೇವವಾಗಿತ್ತು. ಅತ್ತೆ ಅಡುಗೆಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅವಸರ ಏನಿಲ್ಲ ಮಾರಾಯ, ನಿಧಾನಕ್ಕೆ ತೆಗಿ."