ನಾಲ್ಕೂ ಇಂಡಿಕೇಟರ್ ಹಾಕಿ ನೇರ ಹೋದವನ ಅಹವಾಲು

ಬೆಲ್ಜಿಯಂ ದೇಶದ ಸ್ಪಾ ರೇಸ್ ಟ್ರ್ಯಾಕಿನಲ್ಲಿ, ಆ ಕಡಿದಾದ ಏರು ಮುಗಿದು ನೇರ ದಾರಿ ಶುರುವಾಗುವ ಕಡೆ, ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹಳದಿ ಬಾವುಟ ಹಿಡಿದು ನಿಂತಿದ್ದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ, ಮುತ್ಯಾಲಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕನೂ ಮುಖ್ಯ ತರಬೇತುದಾರನೂ, ಬೇರೆ ಯಾರೂ ಇಲ್ಲದ್ದರಿಂದ ಏಕೈಕ ತರಬೇತುದಾರನೂ ಆದ ಚಂದ್ರಮೋಹನ್ ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ತಮ್ಮ ಬಾವುಟವೂ ಕ್ಷೇಮವೆಂದು ನಂಬಿದ್ದೇನೆ. ಇಂಥ ವಿಷಯವನ್ನು ಲಕೋಟೆಯಲ್ಲಿಟ್ಟು ಕಳಿಸುವುದು ಮರ್ಯಾದೆಯೆಂದು ನನಗೂ ಗೊತ್ತು. ಆದರೆ ನನ್ನ ಮಾನ ಹೋದದ್ದು ಬಹಿರಂಗವಾಗಿಯೇ ಆದ್ದರಿಂದ ಪತ್ರವನ್ನು ಮಾತ್ರ ಗುಟ್ಟಾಗಿ ಬರೆದು ಪ್ರಯೋಜನವಿಲ್ಲವೆಂದು ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಯಾರೆಂಬುದನ್ನು ಅರಿಕೆ ಮಾಡಿಕೊಳ್ಳಬೇಕು. ನಮ್ಮೂರಿನ ಅರ್ಧಕ್ಕರ್ಧ ಜನರಿಗೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿಕೊಟ್ಟವನು ನಾನು. ಆದರೆ ಹೋದ ವರ್ಷ ಕೋಲಾರದ ರಸ್ತೆಯಲ್ಲಿ ಹೊಸ ಇನ್‌ಸ್ಟಿಟ್ಯೂಟ್ ಒಂದು ಬಾಗಿಲು ತೆರೆದು, ಗೇರ್ ಹಾಕುವ ಕಷ್ಟವೇ ಇಲ್ಲದ ಕಾರುಗಳನ್ನೂ, ಕುರ್ಚಿಯಲ್ಲಿ ಕೂತು ಪರದೆ ನೋಡುತ್ತ ಸ್ಟೇರಿಂಗ್ ತಿರುಗಿಸುವ ಯಂತ್ರವೊಂದನ್ನೂ ತಂದಿಟ್ಟಾಗಿನಿಂದ, ನನ್ನ ಎರಡು ಹಳೆಯ ಕಾರುಗಳಿಗೆ ಹುಣಸೆಮರದ ಕೆಳಗೆ ನಿಂತು ಕಾಗೆಗಳ ಹಿಕ್ಕೆ ಹೊರುವುದೇ ಉದ್ಯೋಗವಾಯಿತು. ಸ್ಕೂಲು ಮುಚ್ಚಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿಗಳ ಲೋಡು ನೋಡಿಕೊಳ್ಳುವ ಕೆಲಸಕ್ಕೆ ಸೇರುವುದೇ ವಾಸಿಯೆಂದು ನಮ್ಮ ಮನೆಯವರಾದ ಮುನಿಲಕ್ಷ್ಮಿಯವರು ಊಟಕ್ಕೆ ಬಡಿಸುವಾಗಲೆಲ್ಲ ಹೇಳತೊಡಗಿದ್ದರು.

ಹೀಗಿರುವಾಗ ಮುನಿಲಕ್ಷ್ಮಿಯವರ ತಂಗಿಯ ಮಗಳು ಅನಿತ, ತಮ್ಮ ಟ್ರ್ಯಾಕಿಗೆ ಹತ್ತಿರದ, ಗಡಿಯಾಚೆ ಜರ್ಮನಿಯ ಆಖೆನ್ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿರುವವಳು, ನಮ್ಮಿಬ್ಬರನ್ನೂ ಅಲ್ಲಿಗೆ ಕರೆಸಿಕೊಳ್ಳುವುದಾಗಿ ಹೇಳಿದಳು. ಹವ್ಯಾಸಿಗಳಿಗೆಂದು ಬಿಡುವ ದಿನಗಳಲ್ಲಿ ಬಾಡಿಗೆಯ ರೇಸ್ ಕಾರನ್ನು ಯಾರು ಬೇಕಾದರೂ ಅಲ್ಲಿ ಓಡಿಸಬಹುದೆಂದು ಅವಳ ಬಾಯಿಂದ ಬಂದದ್ದೇ ತಡ, ನನ್ನ ತಲೆಯಲ್ಲಿ ಸ್ಕೂಲನ್ನು ಉಳಿಸಿಕೊಳ್ಳುವ ಉಪಾಯ ಹೊಳೆಯಿತು. ನಾನು ಹೋಗಿ, ಓಡಿಸಿ, ಬಂದು ಬೋರ್ಡು ಬರೆಸಬೇಕಿತ್ತು. ಅದರ ಬದಲು ಬೋರ್ಡು ಬರೆಸಿ ಹೋದೆ. ‘ಯೂರೋಪಿನ ರೇಸ್ ಟ್ರ್ಯಾಕಿನಲ್ಲಿ ಓಡಿಸಿದ ಅನುಭವಿ ತರಬೇತುದಾರರು’ ಎಂಬ ಬರಹದ ಕೆಳಗೆ ಕೆಂಪು ಕಾರು, ಕಾರಿನೊಳಗೆ ಹೆಲ್ಮೆಟ್ ತೊಟ್ಟ ನಾನು. ಗುರುತು ಸಿಗಲಿಯೆಂದು ಪೇಂಟರ್ ನನ್ನ ಮೀಸೆಯನ್ನು ಹೆಲ್ಮೆಟ್ಟಿನ ಹೊರಗೇ ಬರೆದಿದ್ದ.

ತಮ್ಮಲ್ಲಿಗೆ ಬಂದಾಗ ಕಾರು ಬಾಡಿಗೆಗೆ ಕೊಡುವವರು, ಪಕ್ಕದಲ್ಲಿ ಕೂರಲು ಒಬ್ಬ ತರಬೇತುದಾರರು ಬೇಕೇ ಎಂದು ವಿನಯದಿಂದ ಕೇಳಿದರು. ನಾನು ಉತ್ತರವಾಗಿ ನನ್ನ ಕಾರ್ಡು ಕೊಟ್ಟೆ. ಅದರಲ್ಲಿ ಸ್ಟೇರಿಂಗ್ ಚಕ್ರದ ನಡುವೆ ಮುತ್ಯಾಲಮ್ಮ ತಾಯಿಯ ಚಿತ್ರವಿದೆ. ಅವರು ಅದನ್ನು ಹಿಂದೆ ಮುಂದೆ ನೋಡಿ, ಇನ್ನೇನೂ ಕೇಳದೆ ಬೀಗದಕೈ ಕೊಟ್ಟರು. ಹೊರಡುವ ಮುಂಚೆ ಟ್ರ್ಯಾಕಿನ ನಿಯಮಗಳನ್ನು ಒಬ್ಬರು ಇಂಗ್ಲಿಷಿನಲ್ಲಿ ವಿವರಿಸಿದರಂತೆ. ಆ ಹೊತ್ತಿನಲ್ಲಿ ನಾನು ಅನಿತ ತೆಗೆಯುತ್ತಿದ್ದ ಫೋಟೋಗೆ ಹೆಲ್ಮೆಟ್ ಹಿಡಿದು ನಿಂತಿದ್ದೆ.

ಮುನಿಲಕ್ಷ್ಮಿಯವರು ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ನಾನು ಅವುಗಳ ಮೇಲೆ ಹತ್ತಿಸಿ ಕಾರನ್ನು ಹೊರಡಿಸಿದಾಗ, ತಮ್ಮ ಸಹೋದ್ಯೋಗಿಗಳು ಕೈಗವಸು ಹಾಕಿಕೊಂಡು ಬಂದು ಅಪಚ್ಚಿಯಾದ ಹಣ್ಣುಗಳನ್ನು ಇಕ್ಕಳದಿಂದ ಎತ್ತಿ ಡಬ್ಬಕ್ಕೆ ಹಾಕಿದ್ದನ್ನು ಕನ್ನಡಿಯಲ್ಲಿ ಕಂಡೆ. ದೃಷ್ಟಿ ನಿವಾಳಿಸಿದ್ದನ್ನು ಅಷ್ಟು ಗೌರವದಿಂದ ಎತ್ತುವವರನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಇಲ್ಲಿ ನನ್ನದೊಂದು ಆಕ್ಷೇಪಣೆ. ತಮ್ಮ ದೇಶದ ಕಾರುಗಳಲ್ಲಿ ಸ್ಟೇರಿಂಗನ್ನು ಎಡಗಡೆ ಇಟ್ಟಿದ್ದೀರಿ. ಇಪ್ಪತ್ತಾರು ವರ್ಷದಿಂದ ನಾನು ಕೂತಿರುವುದೂ ಕಾರಿನ ಎಡಗಡೆಯಲ್ಲೇ. ಬಲಗಡೆ ಕಲಿಯುವವರು, ಎಡಗಡೆ ನಾನು, ನನ್ನ ಕಾಲ ಬಳಿ ಅವರನ್ನು ಬದುಕಿಸಲೆಂದು ಇರುವ ಇನ್ನೊಂದು ಬ್ರೇಕು. ಎಡಗಡೆಯ ಸೀಟಿನಲ್ಲಿ ಕೂತು, ಎದುರಿಗೆ ಒಂದು ತಿರುವು ಕಂಡರೆ ಸಾಕು, ನನ್ನನ್ನು ಕೇಳದೆಯೇ ನನ್ನ ಕಾಲು ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ತಮ್ಮ ಟ್ರ್ಯಾಕಿನಲ್ಲಿ ತಿರುವುಗಳನ್ನು ಬಿಟ್ಟರೆ ಬೇರೆ ಹೆಚ್ಚೇನೂ ಇಲ್ಲ. ಯುದ್ಧವಿಮಾನದಂತೆ ಗುಡುಗುವ ಆ ಕಾರು ನನ್ನ ಕಾಲಡಿಯಲ್ಲಿ ಎಮ್ಮೆ ಕಟ್ಟಿದ ಗಾಡಿಯಂತೆ ಹೋಗುತ್ತಿದ್ದರೆ, ಬಲಗಡೆ ಕೂತಿದ್ದ ಮುನಿಲಕ್ಷ್ಮಿಯವರು ಹೆಲ್ಮೆಟ್ಟಿನೊಳಗಿಂದ, “ರೀ, ಒಂಚೂರು ಒತ್ತ್ರೀ, ಹಿಂದ್ಗಡೆಯೋರು ಏನಂದ್ಕೊಂತಾರೆ?” ಎಂದರು. ಒತ್ತಿದೆ. ಒಂದೇ ಒಂದು ಸಲ, ಆ ಏರಿಗೆ ಮುಂಚಿನ ಇಳಿಜಾರಿನಲ್ಲಿ. ಆ ಒಂದು ಉಸಿರಿನಷ್ಟು ಹೊತ್ತು ನಾನು ನಮ್ಮ ಬೋರ್ಡಿನ ಮೇಲಿನ ಮನುಷ್ಯನೇ ಆಗಿದ್ದೆ, ಆ ಸುಖವನ್ನು ತಮ್ಮ ಹತ್ತಿರ ಮುಚ್ಚಿಡಲಾರೆ.

ಆಮೇಲೆ ಆ ಏರು ಬಂತು. ಏರಿನ ತುದಿಯಲ್ಲಿ ಆಕಾಶದ ಹೊರತು ಏನೂ ಕಾಣದಿದ್ದಾಗ, ಪಲಮನೇರಿನಾಚೆಯ ಮೊಗಿಲಿ ಘಾಟಿನಲ್ಲಿ ಬಸ್ಸಿನವರು ಮಾಡುವಂತೆ ಉದ್ದಕ್ಕೂ ಹಾರನ್ ಹೊಡೆದುಕೊಂಡೇ ಹತ್ತಿದೆ. ಹತ್ತಿದ ಮೇಲೆ ಪಕ್ಕದಿಂದ ಇನ್ನೊಂದು ದಾರಿ ಬಂದು ಸೇರುವಂತೆ ಕಂಡಿತು. ದಾರಿಗಳು ಸೇರುವ ಕಡೆ ಎಡಕ್ಕೆ ಹೋಗುವವರು ಎಡದ ಲೈಟು, ಬಲಕ್ಕೆ ಹೋಗುವವರು ಬಲದ ಲೈಟು, ನೇರ ಹೋಗುವವರು ನಾಲ್ಕೂ ಲೈಟು ಹಾಕಬೇಕೆಂಬುದು ನಮ್ಮೂರಿನ ಪದ್ಧತಿ. ನಾನೂ ಅದನ್ನೇ ಪಾಠ ಮಾಡಿದವನು. ತಮಗೆ ಅನುಮಾನ ಬರಬಾರದೆಂಬ ಒಂದೇ ಸದುದ್ದೇಶದಿಂದ ನಾಲ್ಕೂ ಇಂಡಿಕೇಟರ್ ಹಾಕಿದೆ.

ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲು ನನಗೆ ಪದಗಳು ಸಾಲವು. ನಮ್ಮಲ್ಲಿ ಕಾರು ನಿಜವಾಗಿ ಕೆಟ್ಟು, ನಾಲ್ಕೂ ಲೈಟು ಉರಿಸಿ, ಬಾನೆಟ್ಟು ಎತ್ತಿ, ಟವೆಲು ಬೀಸಿದರೂ ನಿಂತು ಕೇಳುವವರಿಲ್ಲ. ತಾವಾದರೋ ಅಷ್ಟು ದೂರದಿಂದಲೇ ಆ ಪುಟ್ಟ ದೀಪಗಳನ್ನು ಗಮನಿಸಿ, ನನ್ನ ಕಾರು ಕೆಟ್ಟಿದೆಯೆಂದು ತಿಳಿದು, ಹಳದಿ ಬಾವುಟವನ್ನು ಎರಡೂ ಕೈಯಿಂದ ಬೀಸಿದಿರಿ. ನನ್ನ ಹಿಂದೆ ಬರುತ್ತಿದ್ದ ಸಮಸ್ತ ಶ್ರೀಮಂತ ಕಾರುಗಳೂ ವೇಗ ಇಳಿಸಿ, ದೇವರ ಉತ್ಸವದ ಹಿಂದೆ ನಡೆಯುವವರಂತೆ ಭಕ್ತಿಯಿಂದ ಸಾಲಾಗಿ ಬಂದವು. ನಾನೋ, ದೂರದೇಶದವನಿಗೆ ತಾವು ಪ್ರೋತ್ಸಾಹ ಕೊಡುತ್ತಿದ್ದೀರೆಂದು ತಿಳಿದು, ಕೈ ಬೀಸಿ, ಇನ್ನೆರಡು ಹಾರನ್ ಹೊಡೆದು, ಹಿಂದಿನವರಿಗೆ ದಾರಿ ಬಿಡುವುದು ಸೌಜನ್ಯವೆಂದು ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಟ್ಟೆ. ಆಗ ಎಲ್ಲ ಕಡೆಯೂ ಕೆಂಪು ಬಾವುಟಗಳೆದ್ದು ಇಡೀ ಟ್ರ್ಯಾಕು ನಿಂತಿತು.

ಯಾವ ರೋಗವೂ ಇಲ್ಲದ ಆ ಕಾರನ್ನು ತಮ್ಮವರು ಲಾರಿಯ ಮೇಲೆ ಹತ್ತಿಸಿ, ನಮ್ಮಿಬ್ಬರನ್ನೂ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು, ಟ್ರ್ಯಾಕಿನ ಉಳಿದ ಭಾಗವನ್ನೆಲ್ಲ ಸುತ್ತಿಸಿ ಕರೆತಂದರು. ಕಿಟಕಿ ಪಕ್ಕ ಕೂತ ಮುನಿಲಕ್ಷ್ಮಿಯವರು, “ರೀ, ಇದ್ರಲ್ಲಾದ್ರೆ ಎಲ್ಲ ಚೆನ್ನಾಗಿ ಕಾಣ್ತೈತೆ. ಸ್ಪೀಡಾಗೂ ಹೋಗ್ತೈತೆ” ಎಂದದ್ದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಗ್ಯಾಲರಿಯಲ್ಲಿ ನಿಂತಿದ್ದ ಅನಿತ ಇದೆಲ್ಲವನ್ನೂ ವೀಡಿಯೊ ಮಾಡಿ, ದೊಡ್ಡಮ್ಮ ದೊಡ್ಡಪ್ಪ ಎಂಬ ಪ್ರೀತಿಯಿಂದ ಮನೆಯವರ ಗ್ರೂಪಿಗೆ ಹಾಕಿದಳು. ನಾವು ವಿಮಾನ ಇಳಿಯುವ ಹೊತ್ತಿಗೆ ಅದು ಮುಳಬಾಗಿಲು ದಾಟಿ, ಕೋಲಾರ ಸುತ್ತಿ, ಮಾಲೂರಿನ ನನ್ನ ಷಡ್ಡಕನ ಹಾಲಿನ ಡೇರಿಯವರೆಗೂ ತಲುಪಿತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಪೆದ್ದಪ್ಪ ನನ್ನನ್ನು ಕಂಡದ್ದೇ, “ಏಮಣ್ಣಾ, ಲಾರಿ ಮೇಲ್ ಕೂತ್ಕೊಂಡು ರೇಸ್ ಹೊಡೆದ್ಯಂತೆ?” ಎಂದು ಎಲ್ಲರೆದುರು ಕೇಳಿದ. ನಗುನಗುತ್ತಲೇ ಟೀ ಕುಡಿದು ಬಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು, ಮಾನ್ಯರೇ. ಮಾರನೆಯ ದಿನ ಪೇಂಟರನ್ನು ಕರೆಸಿ, ಮೀಸೆಸಹಿತ ಆ ಬೋರ್ಡಿಗೆ ಸುಣ್ಣ ಹೊಡೆಸಿ, ಮಂಡಿಯವರಿಗೆ ಫೋನು ಮಾಡಿ ಕೆಲಸ ಇನ್ನೂ ಖಾಲಿ ಇದೆಯೇ ಎಂದು ವಿಚಾರಿಸಿದೆ. ಇದೆ ಎಂದರು.

ಸ್ಕೂಲಿಗೆ ಬೀಗ ಹಾಕಲೆಂದು ಹೋದ ಬೆಳಿಗ್ಗೆ, ಹುಣಸೆಮರದ ಕೆಳಗೆ ಬಟ್ಟೆ ಅಂಗಡಿಯ ದಿಲ್ಷಾದ್ ಅವರು ಮಗಳು ಸಿದ್ರಾಳನ್ನು ಕರೆದುಕೊಂಡು ನಿಂತಿದ್ದರು. ಹೊಸ ಇನ್‌ಸ್ಟಿಟ್ಯೂಟಿನಲ್ಲಿ ಸೇರಿದ್ದ ಹುಡುಗಿಯನ್ನು ಬಿಡಿಸಿಕೊಂಡು ಬಂದಿದ್ದರು. ಗೇಲಿ ಮಾಡಲು ಬಂದವರೆಂದೇ ನಾನು ತಿಳಿದೆ. “ಸಾರ್, ವೀಡಿಯೊ ನೋಡಿದ್ವಿ. ಅಂಥಾ ರೋಡು, ಅಂಥಾ ಕಾರು, ಕೇಳೋರಿಲ್ಲ, ಹೇಳೋರಿಲ್ಲ. ಆದ್ರೂ ನೀವು ನಲವತ್ತು ದಾಟ್ಲಿಲ್ಲ. ಹಿಂದಿನೋರಿಗೆ ಸೈಡ್ ಬೇರೆ ಕೊಟ್ರಿ. ನಮ್ ಹುಡುಗೀನ ನಿಮ್ಹತ್ರ ಬಿಟ್ರೆ ನಾನು ಅಂಗಡೀಲಿ ನಿಶ್ಚಿಂತೆಯಾಗಿ ಕೂತಿರ್ತೀನಿ” ಎಂದರು. ನಾನು ಬೀಗವನ್ನು ಜೇಬಿಗೆ ಹಾಕಿಕೊಂಡೆ. ಅವರ ಹಿಂದೆಯೇ ಶಾಲೆಯ ನಿವೃತ್ತ ಮೇಡಂ ಶಾಮಲಮ್ಮನವರು, “ನಂಗೂ ನಿಧಾನಕ್ಕೇ ಹೋಗೋದು ಕಲಿಸಪ್ಪ” ಎಂದು ಬಂದರು. ಈಗ ಬೆಳಗಿನ ಹೊತ್ತು ಎರಡು ಕಾರುಗಳಿಗೂ ಬಿಡುವಿಲ್ಲ. ಕಾಗೆಗಳು ಬೇರೆ ಮರ ನೋಡಿಕೊಂಡಿವೆ. ಸುಣ್ಣ ಹೊಡೆದಿದ್ದ ಬೋರ್ಡಿನ ಮೇಲೆ ಮುನಿಲಕ್ಷ್ಮಿಯವರು ನನ್ನನ್ನು ಕೇಳದೆಯೇ ‘ರೇಸ್ ಟ್ರ್ಯಾಕಿನಲ್ಲೂ ನಿಧಾನ’ ಎಂದು ಬರೆಸಿದ್ದಾರೆ. ದಿನವೂ ಅದರ ಕೆಳಗೆ ನುಸುಳಿ ಒಳಗೆ ಹೋಗುವಾಗ ಸಂತೋಷಪಡಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಎರಡನ್ನೂ ಮಾಡುತ್ತೇನೆ.

ಆದ್ದರಿಂದ ಈ ದೂರಿನಲ್ಲಿ ತಮ್ಮಿಂದ ನಾನು ಪರಿಹಾರ ಕೇಳುತ್ತಿಲ್ಲ. ಕೆಲವು ಸಣ್ಣ ಉಪಕಾರಗಳನ್ನಷ್ಟೇ ಬೇಡುತ್ತಿದ್ದೇನೆ. ಆ ಏರಿನ ತುದಿಯಲ್ಲಿ ‘ಹಾರನ್ ಮಾಡಿ’ ಎಂಬ ಫಲಕ ನೆಡಿಸಬೇಕು, ಸಾಧ್ಯವಾದರೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲೂ ಇದ್ದರೆ ನಮ್ಮ ಗಡಿಯವರಿಗೆ ಅನುಕೂಲ. ಯೂರೋಪಿನ ಸಮಸ್ತ ಕಾರುಗಳ ಸ್ಟೇರಿಂಗನ್ನು ಬಲಗಡೆಗೆ ಬದಲಾಯಿಸಲು ಮೇಲಿನವರ ಜೊತೆ ಮಾತಾಡಬೇಕು. ಹಾಗೆಯೇ, ಶ್ರೀ ಚಂದ್ರಮೋಹನ್ ಅವರು ತಮ್ಮ ಟ್ರ್ಯಾಕನ್ನು ಒಂದು ಪೂರ್ತಿ ಸುತ್ತು ಸುತ್ತಿದ್ದಾರೆಂದು ಸರ್ಟಿಫಿಕೇಟು ದಯಪಾಲಿಸಬೇಕು. ಎಷ್ಟು ದೂರ ಯಾವ ವಾಹನದಲ್ಲಿ ಎಂಬ ವಿವರಗಳಿಗೆ ಹೋಗುವ ಅಗತ್ಯವಿಲ್ಲ. ಕೊನೆಯದಾಗಿ, ಇನ್ನೊಮ್ಮೆ ನಾನು ಬಂದರೆ ಆ ಇಳಿಜಾರನ್ನು ಮಾತ್ರ ನನಗಾಗಿ ಸ್ವಲ್ಪ ಹೊತ್ತು ಖಾಲಿ ಬಿಡಿಸಬೇಕು. ಒಂದು ಸಲ ಒತ್ತುತ್ತೇನೆ, ಅಷ್ಟೇ. ಇದನ್ನು ದಿಲ್ಷಾದ್ ಅವರಿಗೆ ಹೇಳಬೇಡಿ.

ಯಾವ ಬಾವುಟ ಕಂಡರೂ ಮೊದಲು ಕಾರು ನಿಲ್ಲಿಸಿ ಆಮೇಲೆ ಯೋಚಿಸಲು ಕಲಿತಿರುವ,

ತಮ್ಮ ವಿಶ್ವಾಸಿ,
ಚಂದ್ರಮೋಹನ್
ಮುತ್ಯಾಲಮ್ಮ ಡ್ರೈವಿಂಗ್ ಸ್ಕೂಲ್, ಮುಳಬಾಗಿಲು

ತಾ.ಕ.: ನೇರ ಹೋಗುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಕೆಂಬ ಪಾಠವನ್ನು ಅಲ್ಲಿಂದ ಬಂದ ಮೇಲೆ ನಿಲ್ಲಿಸಿದ್ದೇನೆ, ಸಿದ್ರಾ ಹಾಕುವುದಿಲ್ಲ, ಶಾಮಲಮ್ಮನವರೂ ಹಾಕುವುದಿಲ್ಲ. ಆದರೆ ಅದಕ್ಕೂ ಮುಂಚಿನ ಇಪ್ಪತ್ತಾರು ವರ್ಷಗಳ ನನ್ನ ಶಿಷ್ಯರೆಲ್ಲ ದಿನವೂ ಬೆಳಿಗ್ಗೆ ನಮ್ಮೂರ ಸರ್ಕಲ್ಲಿನಲ್ಲಿ ನಾಲ್ಕೂ ಲೈಟು ಮಿಣುಕಿಸುತ್ತ ನೇರ ಹೋಗುತ್ತಾರೆ, ನನ್ನನ್ನು ಕಂಡರೆ ಗುರುಗಳೆಂದು ಹಾರನ್ ಬೇರೆ ಹೊಡೆಯುತ್ತಾರೆ. ತಾವು ಎಂದಾದರೂ ಮುಳಬಾಗಿಲಿಗೆ ದಯಮಾಡಿಸಿದರೆ ಆ ಒಂದು ಬಾವುಟವನ್ನು ಅಷ್ಟು ದೂರದಿಂದ ಹೊತ್ತು ತರುವ ಶ್ರಮ ಬೇಡ. ಹಳದಿ ಬಟ್ಟೆ ದಿಲ್ಷಾದ್ ಅವರ ಅಂಗಡಿಯಲ್ಲೇ ಥಾನುಗಟ್ಟಲೆ ಸಿಗುತ್ತದೆ. ಲಾರಿಗಳನ್ನು ಮಾತ್ರ ತಾವೇ ತರಬೇಕು.