ವಿಮಾನಕ್ಕೆ ಇಪ್ಪತ್ತು ಗಿಡ

ಮಗಳ ಒಂದು ಜಡೆ ಮುಗಿದು, ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡುವ ಹೊತ್ತಿಗೆ ಫೋನು ಬಂತು. ಗಿಡದಮ್ಮ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. ಆ ಕಡೆ ಇದ್ದವರು ವಿಮಾನ ನಿಲ್ದಾಣದ ಮ್ಯಾನೇಜರು.

ಊರಾಚೆಯ ಆ ಸಣ್ಣ ನಿಲ್ದಾಣದ ತೋಟ ನೋಡಿಕೊಳ್ಳುವುದು ಅವಳ ಕೆಲಸ. ಓಣಿಯವರೆಲ್ಲ ಗಿಡದಮ್ಮ ಎಂದು ಕರೆದು ಕರೆದು ಅವಳ ಹೆಸರನ್ನೇ ಮರೆತಿದ್ದರು. ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ಅವಳು ಬೀಜದಿಂದ ಎಬ್ಬಿಸಿದ ನೂರಿಪ್ಪತ್ತು ಸಸಿಗಳಿದ್ದವು. ನಾಲ್ಕು ವರ್ಷದಿಂದ ಅವಕ್ಕೊಂದು ಜಾಗ ಕೊಡಿ ಎಂದು ಕೇಳುತ್ತಲೇ ಇದ್ದಳು, ಮ್ಯಾನೇಜರು ಮುಂದಿನ ವರ್ಷ ಎನ್ನುತ್ತಲೇ ಇದ್ದರು. ಹೋದ ವರ್ಷದ ಬೂಟಿನಲ್ಲಿ ಈ ವರ್ಷದ ಕಾಲು ತುರುಕಿದರೆ ಮಗುವಿನ ಬೆರಳು ಹೇಗೆ ಮಡಚಿಕೊಳ್ಳುತ್ತವೋ, ಕಪ್ಪು ಚೀಲದೊಳಗೆ ಬೇರುಗಳು ಹಾಗೆ ಸುತ್ತಿಕೊಂಡಿದ್ದವು. ಈ ವರ್ಷವೂ ನೆಲ ಸಿಗದಿದ್ದರೆ ಅವು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮ್ಯಾನೇಜರು ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಮಾತಾಡುವವರು. ಇವತ್ತು ಊರಲ್ಲಿ ಕಲಾ ಉತ್ಸವ, ಈ ಸಲದ ವಿಷಯ ಬಿಸಿಯಾಗುತ್ತಿರುವ ಭೂಮಿ. ಗಣ್ಯರು ತಮ್ಮ ತಮ್ಮ ಸ್ವಂತ ವಿಮಾನದಲ್ಲಿ ಬರುತ್ತಾರೆ. ಆ ಹೊಗೆಗೆ ಪರಿಹಾರವಾಗಿ, ಒಂದು ವಿಮಾನ ಇಳಿದರೆ ಇಪ್ಪತ್ತು ಗಿಡ ನೆಡುತ್ತೇವೆ, ಅದೂ ಅದೇ ದಿನ ಹೊತ್ತು ಮುಳುಗುವುದರೊಳಗೆ, ಎಂದು ಉತ್ಸವ ಸಮಿತಿ ಅಚ್ಚು ಹಾಕಿಸಿ ಹಂಚಿದೆ. ಬರುವುದು ಆರು ವಿಮಾನ. ರನ್‌ವೇ ಪಕ್ಕದ ಬಯಲು ನಿಮಗೇ ಬಿಟ್ಟಿದ್ದೇವೆ ಎಂದರು.

ಬಾಚಣಿಗೆ ಅವಳ ಹಲ್ಲಿನಿಂದ ಜಾರಿ ಬಿತ್ತು.

"ಅಮ್ಮಾ, ಒಂದು ಕೇಳ್ಲಾ?" ಎಂದಳು ಮಗಳು. ಫೋನಿನ ಮಾತೆಲ್ಲ ಅವಳಿಗೂ ಕೇಳಿಸಿತ್ತು.

"ಆಮೇಲೆ ಕೇಳು ಕಂದಾ. ಈಗ ಚಪ್ಪಲಿ ಹಾಕ್ಕೋ."

ಉತ್ಸವಕ್ಕೆಂದು ಶಾಲೆಗೆ ರಜೆ. ಒಂದು ಕಡೆ ಬಿಗಿಯಾದ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು ಹೊತ್ತು ಮಗಳು ಹಿಂದೆ ಓಡಿದಳು.

ಸುದ್ದಿ ಓಣಿಗೆ ಹಬ್ಬಲು ತಡವಾಗಲಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡು ಬಂದು, ಗುಂಡಿಯಿಂದ ಗುಂಡಿಗೆ ಅಳತೆ ಹಿಡಿದರು. ಪಕ್ಕದ ಮನೆ ದೊಡ್ಡಮ್ಮ ಗಿಡದ ಬುಡದ ಮಣ್ಣನ್ನು ಹೇಗೆ ತುಳಿಯಬೇಕು ಎಂದು ಹೇಳಿಕೊಡಲು ಬಂದವರು, ತುಳಿಯುವುದನ್ನು ಮಾತ್ರ ಬೇರೆಯವರಿಗೆ ಬಿಟ್ಟರು. ಮೇಷ್ಟ್ರ ಹಗ್ಗ ಎಳೆದಷ್ಟೂ ಉದ್ದವಾಗುವ ಜಾತಿಯದು. ಸಾಲು ಮಧ್ಯಾಹ್ನದ ಹೊತ್ತಿಗೆ ನೋಟ್ ಪುಸ್ತಕದಲ್ಲಿ ಮಗು ಎಳೆದ ಗೆರೆಯ ಹಾಗೆ ಆಗಿತ್ತು. ಆದರೂ ಗಿಡದಮ್ಮ ಒಂದೊಂದೇ ಚೀಲವನ್ನು ಬ್ಲೇಡಿನಿಂದ ಸೀಳಿ, ಬೇರುಗಳನ್ನು ಬೆರಳಲ್ಲಿ ಬಿಡಿಸಿ, ನಿದ್ದೆಹೋದ ಮಗುವನ್ನು ಮಲಗಿಸುವಂತೆ ಮಣ್ಣಿಗೆ ಇಳಿಸಿದಳು. ನೂರಿಪ್ಪತ್ತನೆಯದಕ್ಕೆ ನೀರು ಹಾಕಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಂಡದ್ದು ಬೆವರೊಂದೇ ಅಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದು, ಆರು ಹೋಗಿ ಹನ್ನೊಂದಾಗಿದೆ ಎಂದರು. ಇಬ್ಬರು ಗಾಯಕರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರಂತೆ, ಆದ್ದರಿಂದ ಎರಡು ವಿಮಾನ. ಒಬ್ಬ ನಟಿ ಒಂದರಲ್ಲಿ, ಆಕೆಯ ಗೌನು ಮಡಿಕೆ ಬೀಳಬಾರದೆಂದು ಇನ್ನೊಂದರಲ್ಲಿ. ಭೂಮಿಯ ಬಿಸಿಯ ಬಗ್ಗೆ ಮುಖ್ಯ ಭಾಷಣ ಮಾಡುವವರದು ಪಕ್ಕದ ಊರೇ, ಕಾರಿನಲ್ಲಿ ಮುಕ್ಕಾಲು ಗಂಟೆ. ಇಳಿಯಲು ಜಾಗ ಖಾಲಿಯಾಗಲಿ ಎಂದು ಅವರ ವಿಮಾನ ಆಗಲೇ ಒಂದು ಗಂಟೆಯಿಂದ ತಲೆಯ ಮೇಲೆ ಸುತ್ತುತ್ತಿತ್ತು.

ಇನ್ನೂ ನೂರು ಗಿಡ ಬೇಕು. ಶೆಡ್ಡಿನಲ್ಲಿ ಉಳಿದದ್ದು ಒಂದು ಪೊರಕೆ.

ಮ್ಯಾನೇಜರ ಮುಖ ನೋಡಿ ಗಿಡದಮ್ಮನಿಗೇ ಪಾಪ ಎನ್ನಿಸಿತು. ಓಣಿಯ ಮನೆಮನೆಗೂ ಹೋಗಿ ಕೈಯೊಡ್ಡಿದಳು. ಮೆಣಸಿನ ಗಿಡ, ಬದನೆ ಸಸಿ, ಟೊಮೆಟೊ, ಮೇಷ್ಟ್ರ ಮನೆಯ ನಾಲ್ಕು ಅಲೋವೆರಾ, ಹೀಗೆ ತೊಂಬತ್ತೊಂಬತ್ತಾಯಿತು. ನೂರನೆಯದು ದೊಡ್ಡಮ್ಮನ ಗುಲಾಬಿ.

"ತಗೊಂಡು ಹೋಗು. ನನ್ನ ಹಿರೀಮಗ ಹುಟ್ಟಿದಾಗ ನೆಟ್ಟಿದ್ದು. ಅವನಿಗಿಂತ ಇದೇ ನನ್ನ ಮಾತು ಹೆಚ್ಚು ಕೇಳಿದೆ," ಎಂದು ದೊಡ್ಡಮ್ಮ ಮುಖ ತಿರುಗಿಸಿಕೊಂಡರು.

ಹೊತ್ತು ಮುಳುಗುವ ಮೊದಲೇ ಇನ್ನೂರಿಪ್ಪತ್ತೂ ನೆಲದಲ್ಲಿದ್ದವು. ಮಗಳು ಮತ್ತೆ ಸೆರಗು ಎಳೆದು ಒಂದು ಕೇಳ್ಲಾ ಎಂದಳು. ಅಷ್ಟರಲ್ಲಿ ಮ್ಯಾನೇಜರು ಮತ್ತೆ ಬಂದರು. ಈ ಸಲ ಕೊಡದ ನೀರೆಲ್ಲ ಚೆಲ್ಲಿಹೋದವರ ಹಾಗಿದ್ದರು.

ನಿಲ್ದಾಣದಲ್ಲಿ ಆರು ವಿಮಾನಕ್ಕಷ್ಟೇ ಜಾಗ. ಉಳಿದ ಐದು ರನ್‌ವೇ ಮೇಲೆಯೇ ನಿಂತಿವೆ. ಅವನ್ನು ಈ ಬಯಲಿಗೆ ತರಬೇಕು, ಗಿಡಗಳನ್ನು ಸ್ವಲ್ಪ ತೆಗೆದು ಮತ್ತೆ ಚೀಲದಲ್ಲಿಡಿ ಎಂದರು. ಗಿಡದಮ್ಮ ಸೀಳಿದ ಚೀಲಗಳ ರಾಶಿ ತೋರಿಸಿದಳು. ಜನ್ಮದಲ್ಲಿ ಯಾರಿಗೂ ಎದುರು ಹೇಳದವಳು ಗುದ್ದಲಿ ಅಡ್ಡ ಹಿಡಿದು ಮೊದಲ ಸಾಲಿನ ಮುಂದೆ ನಿಂತಳು.

"ಸರ್, ನಾಲ್ಕು ವರ್ಷ ಕಾದಿದ್ದಾವೆ. ಇವು ಇವತ್ತು ಎದ್ರೆ ಮತ್ತೆ ಮಲಗಲ್ಲ."

ಮೇಷ್ಟ್ರು ಹಗ್ಗ ಹಿಡಿದು ಅವಳ ಪಕ್ಕ ನಿಂತರು. ದೊಡ್ಡಮ್ಮ ತಮ್ಮ ಗುಲಾಬಿಯ ಪಕ್ಕದಲ್ಲಿ ಕೂತೇಬಿಟ್ಟರು. ಅವರ ಮಂಡಿನೋವು ಮ್ಯಾನೇಜರಿಗೂ ಗೊತ್ತಿತ್ತು, ಕೂತವರನ್ನು ಎಬ್ಬಿಸುವುದು ಸುಲಭವಲ್ಲ. ಮ್ಯಾನೇಜರು ದೂರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಸ್ವಲ್ಪ ಹೊತ್ತಿಗೆ ಆ ಐದು ವಿಮಾನಗಳು ಒಂದರ ಹಿಂದೊಂದು ಖಾಲಿಯಾಗಿಯೇ ಮೇಲೆದ್ದು ಹೋದವು. ಗಿಡದಮ್ಮನ ಕೈಯಿಂದ ಗುದ್ದಲಿ ಕೆಳಗೆ ಬಿತ್ತು. ಮಣ್ಣಿನ ಮೇಲೆಯೇ ಕೂತು ಮಗಳನ್ನು ತೊಡೆಗೆ ಎಳೆದುಕೊಂಡು, ಬೆಳಿಗ್ಗೆ ಬಿಟ್ಟ ಜಡೆಗೆ ಕೈ ಹಾಕಿದಳು.

ಮ್ಯಾನೇಜರು ಬಂದು ಪಕ್ಕದಲ್ಲಿ ಕುಕ್ಕರಿಸಿದರು.

"ಗೆದ್ದಿರಿ ಕಣಮ್ಮ. ಅವು ಬೇರೆ ನಿಲ್ದಾಣಕ್ಕೆ ಹೋದವು. ಗಣ್ಯರನ್ನ ಕರ್ಕೊಂಡು ಹೋಗೋಕೆ ನಾಳೆ ಬೆಳಿಗ್ಗೆ ವಾಪಸ್ ಬರ್ತಾವೆ."

ಅವಳು ತಲೆಯಾಡಿಸಿದಳು. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

"ಅಂದ್ರೆ ನಾಳೆ ಮತ್ತೆ ಐದು ವಿಮಾನ ಇಳಿದ ಹಾಗೆ. ಐದು ಇಪ್ಪತ್ತು, ನೂರು ಗಿಡ."

ಇನ್ನು ಗಿಡ ಎಲ್ಲಿಂದ ತರಲಿ ಎಂದು ಅವಳು ಕೇಳಿದಳು. ಅವರು ತಲೆ ಎತ್ತದೆ ಮೊದಲ ಸಾಲಿನ ಕಡೆ ಕೈ ತೋರಿಸಿದರು. ನೆಡುತ್ತೇವೆ ಎಂದು ಅಚ್ಚಾಗಿದೆಯೇ ಹೊರತು ಹೊಸದನ್ನು ನೆಡುತ್ತೇವೆ ಎಂದು ಎಲ್ಲೂ ಇಲ್ಲ; ಸಮಿತಿಯವರು ಎರಡೆರಡು ಸಲ ಓದಿ ನೋಡಿದ್ದಾರಂತೆ. ಬೆಳಿಗ್ಗೆ ಇದರಲ್ಲೇ ನೂರನ್ನು ಕಿತ್ತು, ಫೋಟೋದವರು ಬಂದ ಮೇಲೆ ಅದೇ ಗುಂಡಿಗೆ ಮತ್ತೆ ನೆಟ್ಟರೆ ಆಯಿತು. ಗುಂಡಿ ತೋಡುವ ಶ್ರಮವೂ ಇಲ್ಲ.

ಮೇಷ್ಟ್ರು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳತೊಡಗಿದರು. ಗಿಡದಮ್ಮನ ಬೆರಳು ಜಡೆಯ ಅರ್ಧದಲ್ಲೇ ನಿಂತಿತು.

ಮಗಳು ತಿರುಗಿ ಅವಳ ಮುಖ ನೋಡಿದಳು. ಈ ಸಲ ಕೇಳ್ಲಾ ಎಂದು ಅಪ್ಪಣೆ ಬೇಡಲಿಲ್ಲ.

"ಅಮ್ಮಾ, ನಮ್ಮ ಗಿಡಕ್ಕೆ ಒಳ್ಳೇದಾಗ್ಬೇಕು ಅಂದ್ರೆ, ವಿಮಾನ ಬರ್ಲಿ ಅನ್ಬೇಕಾ, ಬರ್ದೇ ಇರ್ಲಿ ಅನ್ಬೇಕಾ?"